ಹತ್ತು ವರ್ಷದ ಬೇಸಿಗೆಗೆ ಆಕಾಶದಲ್ಲಿ ಕಾರಣವಿದೆಯೇ?

ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿ 1996ರಲ್ಲಿ ಹೊರಬಂದಾಗ, ಅದರ ಸಿಂಹಾಸನದ ಜಗಳಗಳ ಜೊತೆಗೆ ಅಲ್ಲಿನ ಋತುಮಾನವೂ ಓದುಗರ ತಲೆ ಕೆಡಿಸಿತು. ಆ ಕಲ್ಪಿತ ಲೋಕದಲ್ಲಿ ಬೇಸಿಗೆ ವರ್ಷಗಟ್ಟಲೆ ಇರುತ್ತದೆ, ಚಳಿಗಾಲವೂ ವರ್ಷಗಟ್ಟಲೆ ಇರುತ್ತದೆ, ಮತ್ತು ಯಾವುದು ಎಷ್ಟು ಕಾಲ ನಡೆದೀತೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಕಥೆ ಶುರುವಾಗುವ ಹೊತ್ತಿಗೆ ನಡೆಯುತ್ತಿರುವ ಬೇಸಿಗೆ ಕೊನೆಗೆ ಹತ್ತು ವರ್ಷವನ್ನೂ ಮೀರಿ ಮುಗಿಯುತ್ತದೆ. ಅಲ್ಲಿನ ಪಂಡಿತರು ನಾಡಿನ ನಾನಾ ಕಡೆಯಿಂದ ಬಂದ ಅಳತೆಗಳನ್ನು ಕೂಡಿಸಿ ನೋಡಿ, ಋತು ಬದಲಾಯಿತೆಂದು ಬಿಳಿ ಕಾಗೆಗಳ ಮೂಲಕ ಸುದ್ದಿ ಕಳಿಸುತ್ತಾರೆ. ಅಂದರೆ ಬದಲಾದ ಮೇಲೆ ತಿಳಿಸುತ್ತಾರೆಯೇ ಹೊರತು ಬದಲಾಗುವ ಮುನ್ನ ಅಲ್ಲ. 2011ರಲ್ಲಿ ಇದು ದೂರದರ್ಶನ ಧಾರಾವಾಹಿಯಾದ ಬಳಿಕ, ಹೀಗಾಗಲು ಖಗೋಳಶಾಸ್ತ್ರದಲ್ಲಿ ಏನಾದರೂ ದಾರಿ ಇದೆಯೇ ಎಂಬ ಪ್ರಶ್ನೆ ವೃತ್ತಿನಿರತ ವಿಜ್ಞಾನಿಗಳ ಮೇಜಿನವರೆಗೂ ಹೋಯಿತು.

ಲೇಖಕರು ತಮ್ಮ ಮಟ್ಟಿಗೆ ಉತ್ತರ ಕೊಟ್ಟಾಗಿದೆ. ಕಾರಣ ಮಾಂತ್ರಿಕವಾದದ್ದು, ವೈಜ್ಞಾನಿಕವಾದದ್ದಲ್ಲ ಎಂದು ಅವರು ಹಲವು ಬಾರಿ ಹೇಳಿದ್ದಾರೆ. ಆದರೂ ಹುಡುಕಾಟ ನಿಲ್ಲಲಿಲ್ಲ. ನಿಲ್ಲದಿದ್ದದ್ದು ಒಳ್ಳೆಯದೇ ಆಯಿತೆಂದು ನನ್ನ ಅನಿಸಿಕೆ, ಏಕೆಂದರೆ ಋತುಗಳನ್ನು ಕೆಡಿಸುವುದು ಎಷ್ಟು ಕಷ್ಟವೆಂದು ತಿಳಿಯಹೊರಟವರಿಗೆ ನಮ್ಮ ಆಕಾಶ ಎಷ್ಟು ಕಟ್ಟುನಿಟ್ಟಿನದೆಂಬುದೂ ಅದರ ಜೊತೆಗೇ ತಿಳಿಯುತ್ತದೆ.

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ಓರೆಯಾಗಿದೆ. ಆ ಓರೆಯಿಂದಲೇ ಋತುಗಳು. ಸೂರ್ಯನಿಂದ ನಮಗಿರುವ ದೂರ ಜನವರಿಯ ಮೊದಲ ವಾರದಲ್ಲಿ 14.7 ಕೋಟಿ ಕಿಲೋಮೀಟರಿಗೆ ಇಳಿದು, ಜುಲೈನಲ್ಲಿ 15.2 ಕೋಟಿಗೆ ಏರುತ್ತದೆ. ಸೂರ್ಯ ಅತಿ ಹತ್ತಿರವಿರುವಾಗಲೇ ನಮಗೆ ಚಳಿ ಎಂಬುದು, ದೂರದ ಪಾತ್ರ ಇಲ್ಲಿ ಎಷ್ಟು ಚಿಕ್ಕದೆಂಬುದಕ್ಕೆ ಸಾಕ್ಷಿ. ಓರೆಯೂ ಕಕ್ಷೆಯೂ ಒಂದು ಮನುಷ್ಯಾಯುಷ್ಯದಲ್ಲಿ ಗಮನಕ್ಕೆ ಬರುವಷ್ಟು ಬದಲಾಗುವುದಿಲ್ಲವಾದ್ದರಿಂದ ಪಂಚಾಂಗ ಸಾಧ್ಯವಾಗಿದೆ. ಪಂಚಾಂಗ ಮುರಿಯಬೇಕಾದರೆ ಅಕ್ಷವನ್ನೋ ಕಕ್ಷೆಯನ್ನೋ ಸೂರ್ಯನನ್ನೋ ಮುಟ್ಟಬೇಕು.

ಅಕ್ಷವನ್ನು ಇನ್ನಷ್ಟು ವಾಲಿಸುವುದರಿಂದ ಕೆಲಸವಾಗುವುದಿಲ್ಲ. ಯುರೇನಸ್ ಗ್ರಹ 98 ಡಿಗ್ರಿ ವಾಲಿ ಮಲಗಿದಂತೆಯೇ ತಿರುಗುತ್ತಿದೆ. ಅದರ ಒಂದು ವರ್ಷವೆಂದರೆ ನಮ್ಮ 84 ವರ್ಷ, ಒಂದೊಂದು ಧ್ರುವಕ್ಕೆ 42 ವರ್ಷಗಳ ಹಗಲು, 42 ವರ್ಷಗಳ ಕತ್ತಲೆ. ಋತುಗಳು ಉದ್ದವಾದವು, ಅನಿಯಮಿತವಾಗಲಿಲ್ಲ.

ಕಕ್ಷೆಯನ್ನು ಎಳೆದು ಉದ್ದ ಮಾಡಿದರೆ ಇನ್ನೊಂದು ಬಗೆಯ ಫಲ ಸಿಗುತ್ತದೆ. ಗ್ರಹ ಸೂರ್ಯನ ಹತ್ತಿರ ಬಂದಾಗ ವೇಗವಾಗಿಯೂ ದೂರ ಹೋದಾಗ ನಿಧಾನವಾಗಿಯೂ ಚಲಿಸುತ್ತದೆಂಬ ಕೆಪ್ಲರ್ ನಿಯಮದಂತೆ ಋತುಗಳ ಉದ್ದ ಅಸಮವಾಗುತ್ತದೆ. ಮಂಗಳನ ಉತ್ತರಾರ್ಧದಲ್ಲಿ ವಸಂತ ಅಲ್ಲಿನ 194 ದಿನ ಇದ್ದರೆ ಶರತ್ಕಾಲ 142 ದಿನಕ್ಕೇ ಮುಗಿಯುತ್ತದೆ. ಬ್ರಿಟಿಷ್ ಲೇಖಕ ಬ್ರಯಾನ್ ಆಲ್ಡಿಸ್ 1982ರಿಂದ 1985ರವರೆಗೆ ಬರೆದ ‘ಹೆಲಿಕೋನಿಯಾ’ ಕಾದಂಬರಿತ್ರಯದಲ್ಲಿ ಈ ಉಪಾಯವನ್ನು ತುದಿಮುಟ್ಟಿಸಿದರು. ಅಲ್ಲಿ ಗ್ರಹವೊಂದು ಮಂಕು ಸೂರ್ಯನನ್ನು ಸುತ್ತುತ್ತದೆ. ಆ ಸೂರ್ಯ ತನ್ನ ಗ್ರಹದೊಡನೆ ಇನ್ನೊಂದು ಪ್ರಖರ ನಕ್ಷತ್ರವನ್ನು ಬಹು ಉದ್ದನೆಯ ಕಕ್ಷೆಯಲ್ಲಿ ಸುಮಾರು 2,600 ವರ್ಷಗಳಿಗೊಮ್ಮೆ ಸುತ್ತುತ್ತದೆ. ಹೀಗೆ ಮಹಾಬೇಸಿಗೆ, ಮಹಾಚಳಿಗಾಲಗಳು ಶತಮಾನಗಳ ಉದ್ದಕ್ಕೆ ಚಾಚುತ್ತವೆ. ಐಸಾಕ್ ಅಸಿಮೋವ್ 1941ರಲ್ಲಿ ಬರೆದ ‘ನೈಟ್‌ಫಾಲ್’ ಕಥೆಯಲ್ಲೂ ಆರು ಸೂರ್ಯರಿರುವ ಲೋಕಕ್ಕೆ 2,049 ವರ್ಷಗಳಿಗೊಮ್ಮೆ ಮಾತ್ರ ಕತ್ತಲೆ ಬರುತ್ತದೆ. ಎರಡರಲ್ಲಿಯೂ ಆಕಾಶದ ಗತಿ ಕರಾರುವಾಕ್ಕಾಗಿಯೇ ಇದೆ. ಹಿಂದಿನ ಸುತ್ತಿನ ದಾಖಲೆ ಉಳಿಯದಷ್ಟು ಕಾಲ ಸರಿದಿರುವುದರಿಂದ ಜನರಿಗೆ ಅದು ಅನಿರೀಕ್ಷಿತವೆನಿಸುತ್ತದೆ, ಅಷ್ಟೇ. ಋತುಗಳ ವಿಷಯದಲ್ಲಿ ಸಾಹಿತ್ಯ ಕೊಟ್ಟ ಅತ್ಯಂತ ಗಟ್ಟಿಯಾದ ಉತ್ತರ ಆಲ್ಡಿಸ್ ಅವರದೇ ಎಂದು ನಾನು ಭಾವಿಸುತ್ತೇನೆ. ಆದರೆ ಮೂರು ವರ್ಷದ ಒಂದು ಚಳಿಗಾಲ, ಹತ್ತು ವರ್ಷದ ಒಂದು ಬೇಸಿಗೆ ಎಂಬಂಥ ಏರುಪೇರಿಗೆ ಅದು ಹೊಂದುವುದಿಲ್ಲ.

ಮಾರ್ಟಿನ್ ಅವರ ಕಥೆಯೊಳಗೇ ಒಂದು ಸುಳಿವಿದೆ. ಒಂದು ಕಾಲಕ್ಕೆ ಆಕಾಶದಲ್ಲಿ ಎರಡು ಚಂದ್ರರಿದ್ದವೆಂದೂ, ಒಂದು ಸೂರ್ಯನ ಸಮೀಪಕ್ಕೆ ಹೋಗಿ ಬಿರಿದು ಅದರಿಂದ ಡ್ರ್ಯಾಗನ್‌ಗಳು ಹೊರಬಂದವೆಂದೂ ಅಲ್ಲೊಬ್ಬ ಪರಿಚಾರಿಕೆ ಹೇಳುತ್ತಾಳೆ. ಅಭಿಮಾನಿಗಳು ಇದನ್ನು ಬಿಡಲಿಲ್ಲ, ಏಕೆಂದರೆ ಚಂದ್ರನಿಗೂ ಅಕ್ಷದ ಸ್ಥಿರತೆಗೂ ಇರುವ ನಂಟು ಆ ಹೊತ್ತಿಗೆ ತಿಳಿದಿತ್ತು. ಫ್ರಾನ್ಸಿನ ಜಾಕ್ ಲಾಸ್ಕರ್ ಮತ್ತು ಸಂಗಡಿಗರು 1993ರಲ್ಲಿ ಮಾಡಿದ ಲೆಕ್ಕದಲ್ಲಿ, ಚಂದ್ರನಿಲ್ಲದಿದ್ದರೆ ಭೂಮಿಯ ಅಕ್ಷ ಸೊನ್ನೆಯಿಂದ ಸುಮಾರು 85 ಡಿಗ್ರಿಯವರೆಗೆ ಎಲ್ಲೆಂದರಲ್ಲಿ ವಾಲಬಹುದೆಂದು ಕಂಡಿತು. ದೊಡ್ಡ ಚಂದ್ರನಿಲ್ಲದ ಮಂಗಳನ ಅಕ್ಷವೂ ಸೊನ್ನೆಯಿಂದ 60 ಡಿಗ್ರಿಯವರೆಗೆ ಅಲೆದಾಡುತ್ತದೆ. ಭೂಮಿಯ ಅಲೆದಾಟ ಅಷ್ಟೊಂದು ಭೀಕರವಾಗಿರಲಾರದೆಂದು 2012ರ ಇನ್ನೊಂದು ಅಧ್ಯಯನ ತಿದ್ದಿತಾದರೂ ಮೂಲ ತತ್ವ ಉಳಿದುಕೊಂಡಿದೆ. ಆದರೆ ಈ ಅಲೆದಾಟ ನಡೆಯುವುದು ಲಕ್ಷಾಂತರ ವರ್ಷಗಳಲ್ಲಿ. ಅಜ್ಜನ ಕಾಲದ ಚಳಿಗಾಲಕ್ಕೂ ಮೊಮ್ಮಗನ ಕಾಲದ ಚಳಿಗಾಲಕ್ಕೂ ವ್ಯತ್ಯಾಸ ತರುವ ಶಕ್ತಿ ಅದಕ್ಕಿಲ್ಲ.

ಉಳಿದದ್ದು ಸೂರ್ಯ. ಎರಡು ಕಾಯಗಳು ಪರಸ್ಪರ ಸುತ್ತುವ ಲೆಕ್ಕವನ್ನು ನ್ಯೂಟನ್ ಬಿಡಿಸಿದ್ದರೂ ಮೂರನೆಯದು ಸೇರಿದೊಡನೆ ಲೆಕ್ಕ ಸೂತ್ರಕ್ಕೆ ಸಿಗದೆ ಜಾರುತ್ತದೆ. ಸ್ವೀಡನ್ನಿನ ದೊರೆ ಎರಡನೆಯ ಆಸ್ಕರ್ ಹೆಸರಿನ ಬಹುಮಾನವನ್ನು 1889ರಲ್ಲಿ ಗೆದ್ದ ಆನ್ರಿ ಪ್ವಾಂಕರೆ, ಇದೇ ಮೂರು ಕಾಯಗಳ ಸಮಸ್ಯೆಯಲ್ಲಿ, ಆರಂಭದ ಕೂದಲೆಳೆಯಷ್ಟು ವ್ಯತ್ಯಾಸವೂ ಮುಂದೆ ಪೂರ್ತಿ ಬೇರೆಯದೇ ಪಥಕ್ಕೆ ಒಯ್ಯಬಹುದೆಂದು ಕಂಡುಕೊಂಡರು. ಜೋಡಿ ನಕ್ಷತ್ರವನ್ನು ಸುತ್ತುವ ಗ್ರಹ ಬಹುಕಾಲ ಬರೀ ಊಹೆಯಾಗಿತ್ತು. 2011ರಲ್ಲಿ ನಾಸಾದ ಕೆಪ್ಲರ್ ದೂರದರ್ಶಕ ‘ಕೆಪ್ಲರ್-16ಬಿ’ಯನ್ನು ಪತ್ತೆಮಾಡಿದಾಗ ಅದು ನಿಜವಾಯಿತು.

ಇದಾಗಿ ಎರಡು ವರ್ಷ ತುಂಬುವ ಮೊದಲೇ, 2013ರ ಏಪ್ರಿಲ್ 1ರ ತಾರೀಖು ಹೊತ್ತು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧವೊಂದು ಬಂತು. ತಾರೀಖಿಗೆ ತಕ್ಕಂತೆ ಧಾಟಿ ತಮಾಷೆಯದು, ಗಣಿತ ಮಾತ್ರ ತಮಾಷೆಯದಲ್ಲ. ವೆಸೆಲಿನ್ ಕೊಸ್ಟೊವ್ ಮತ್ತು ಗೆಳೆಯರು ಓರೆ ಅಕ್ಷ, ಉದ್ದ ಕಕ್ಷೆ ಮುಂತಾದ ಹಳೆಯ ಉತ್ತರಗಳು ನಿಯಮಿತ ಋತುಗಳನ್ನಷ್ಟೇ ಕೊಡುತ್ತವೆಂದು ಬದಿಗಿಟ್ಟು, ಆ ಲೋಕವನ್ನು ಜೋಡಿ ನಕ್ಷತ್ರದ ಸುತ್ತ ತಿರುಗಿಸಿ ನೋಡಿದರು. ಗ್ರಹಕ್ಕೆ ಸಿಗುವ ಬಿಸಿಲು ಏರಿಳಿಯುತ್ತದೆ, ಒಂದು ಏರಿಳಿತ ಇನ್ನೊಂದರಂತಿರುವುದಿಲ್ಲ. ಮರುವರ್ಷ, 2014ರ ಫೆಬ್ರುವರಿಯಲ್ಲಿ, ಇದೇ ಕೊಸ್ಟೊವ್ ನೇತೃತ್ವದ ತಂಡದಿಂದ ‘ಕೆಪ್ಲರ್-413ಬಿ’ ಎಂಬ ನಿಜವಾದ ಗ್ರಹದ ಸುದ್ದಿ ಬಂತು: ಸುಮಾರು 2,300 ಜ್ಯೋತಿರ್ವರ್ಷ ದೂರದಲ್ಲಿ, ಎರಡು ನಕ್ಷತ್ರಗಳನ್ನು 66 ದಿನಗಳಿಗೊಮ್ಮೆ ಸುತ್ತುವ, ಅಕ್ಷ 11 ವರ್ಷಗಳಲ್ಲಿ 30 ಡಿಗ್ರಿಯವರೆಗೆ ಬುಗುರಿಯಂತೆ ತೂರಾಡಬಹುದಾದ ಗ್ರಹ. ನಮ್ಮ ಅಕ್ಷ ಒಂದು ಸುತ್ತು ತೂಗಲು ಸುಮಾರು 26,000 ವರ್ಷ ಬೇಕು. ಕೆಪ್ಲರ್-413ಬಿ ದೈತ್ಯ ಅನಿಲಗ್ರಹ, ಅಲ್ಲಿ ಕೋಟೆ ಕಟ್ಟಲು ನೆಲವಿಲ್ಲ. ಆದರೂ ಋತುಗಳು ಮನುಷ್ಯಾಯುಷ್ಯದೊಳಗೇ ಅಡ್ಡಾದಿಡ್ಡಿಯಾಗಬಲ್ಲ ಲೋಕವೊಂದು ಕಥೆಯ ಹೊರಗೂ ಇದೆಯೆಂದು ಗೊತ್ತಾಯಿತು.

ಜೋಡಿ ಸೂರ್ಯರ ಉತ್ತರಕ್ಕೆ ಒಂದು ಇಕ್ಕಟ್ಟಿದೆ. ಗ್ರಹವು ಎರಡು ನಕ್ಷತ್ರಗಳ ನಡುವಿನ ಅಂತರದ ಎರಡರಿಂದ ನಾಲ್ಕು ಪಟ್ಟಿಗಿಂತ ಹತ್ತಿರವಿದ್ದರೆ ಕಕ್ಷೆ ತಾಳದೆ ಒಂದು ದಿನ ಹೊರಗೆಸೆಯಲ್ಪಡುತ್ತದೆ. ಬಹುದೂರವಿದ್ದರೆ ಎರಡೂ ಸೂರ್ಯರು ಒಂದರಂತೆಯೇ ವರ್ತಿಸಿ ಏರುಪೇರು ತಗ್ಗುತ್ತದೆ. ಎಂಟು ಸಾವಿರ ವರ್ಷದ ಇತಿಹಾಸ ಹೇಳಿಕೊಳ್ಳುವ ಲೋಕ ಈ ಕಿರಿದಾದ ಪಟ್ಟಿಯಲ್ಲಿ ಉಳಿದಿರಬೇಕು. ಸಾಲದ್ದಕ್ಕೆ ಕಥೆಯ ಜನರಿಗೆ ಕಾಣುವುದು ಒಂದೇ ಸೂರ್ಯ. ಎರಡನೆಯದು ಕಣ್ಣಿಗೆ ಬೀಳದಷ್ಟು ಮಂಕಾದ ನಕ್ಷತ್ರದ ಶವವೆಂದು ಹೇಳಿಕೊಳ್ಳಬೇಕಾಗುತ್ತದೆ.

ಬ್ರಿಸ್ಟಲ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಡ್ಯಾನ್ ಲಂಟ್ 2017ರಲ್ಲಿ ಬೇರೆ ಹಾದಿ ಹಿಡಿದರು. ಕಾದಂಬರಿಯ ಪಾತ್ರ ಸ್ಯಾಮ್ವೆಲ್ ಟಾರ್ಲಿಯ ಹೆಸರಿನಲ್ಲಿ ಅವರು ಪ್ರಬಂಧ ಬರೆದು, ಕಥೆಯ ನಕಾಶೆಯನ್ನು ಹವಾಮಾನ ಮಾದರಿಯೊಂದಕ್ಕೆ ಕೊಟ್ಟು ಸೂಪರ್‌ಕಂಪ್ಯೂಟರಿನಲ್ಲಿ ಓಡಿಸಿದರು. ಗ್ರಹ ಸೂರ್ಯನನ್ನು ಸುತ್ತುತ್ತಿರುವಂತೆಯೇ ಅದರ ಅಕ್ಷವೂ ಅದೇ ವೇಗದಲ್ಲಿ ತಿರುಗಿದರೆ ಒಂದೇ ಅರ್ಧಗೋಳ ಸದಾ ಸೂರ್ಯನತ್ತ ವಾಲಿರುತ್ತದೆ, ಬೇಸಿಗೆ ಮುಗಿಯುವುದೇ ಇಲ್ಲ; ಆ ಹೊಂದಾಣಿಕೆ ತಪ್ಪಿದ ದಿನ ಚಳಿಗಾಲ ಬರುತ್ತದೆ. ಮಾದರಿ ಚೆನ್ನಾಗಿದೆ, ಆದರೆ ಅಕ್ಷವನ್ನು ಹಾಗೆ ತಿರುಗಿಸುವ ಬಲ ಯಾವುದೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಎಲ್ಲ ಪ್ರಯತ್ನಗಳಲ್ಲೂ ಒಂದು ನಂಬಿಕೆ ಅಡಗಿದೆ: ಋತು ಕೆಟ್ಟರೆ ಆಕಾಶ ಕೆಟ್ಟಿರಬೇಕು. ವಿಜಯಪುರದಲ್ಲಿ ಬದುಕುವವರು ಇದನ್ನು ಸುಲಭವಾಗಿ ಒಪ್ಪಲಾರರು. ಈ ಊರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದ ಕೊನೆಗೊಮ್ಮೆ ಮತ್ತು ಆಗಸ್ಟ್ ಮೊದಲ ವಾರದಲ್ಲೊಮ್ಮೆ, ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಆಕಾಶದ ದೃಷ್ಟಿಯಿಂದ ಎರಡು ದಿನಗಳೂ ಹೆಚ್ಚುಕಡಿಮೆ ಒಂದೇ. ಆದರೆ ಮೇ ತಿಂಗಳ ಆ ದಿನ ಕರಿನೆಲ ಬಿರಿಯುವ ಬಿಸಿಲು. ಆಗಸ್ಟಿನ ಆ ದಿನ ಮೋಡ, ತಂಗಾಳಿ, ಹೊಲದಲ್ಲಿ ತೊಗರಿಯ ಹಸಿರು. ಈ ಎರಡನ್ನು ಬೇರ್ಪಡಿಸಿದ್ದು ಸೂರ್ಯನಲ್ಲ, ಅರಬ್ಬೀ ಸಮುದ್ರದಿಂದ ಬಂದ ಗಾಳಿ.

ಇನ್ನು ವರ್ಷದಿಂದ ವರ್ಷಕ್ಕಾಗುವ ಏರುಪೇರು. ಸೂರ್ಯ ಮೃಗಶಿರಾ ನಕ್ಷತ್ರವನ್ನು ಹೊಗುವುದು ಜೂನ್ 7 ಅಥವಾ 8ಕ್ಕೆ. ಮಿರಗ ಕೂಡುವುದು ಒಂದು ದಿನವೂ ತಪ್ಪುವುದಿಲ್ಲ, ಮಿರಗದ ಮಳೆ ಮಾತ್ರ ಎಷ್ಟೋ ವರ್ಷ ತಪ್ಪುತ್ತದೆ. ಹಿಂಗಾರಿಯ ಬಿಳಿಜೋಳ ಬಿತ್ತುವವರು ಉತ್ತರೆ, ಹಸ್ತದ ಮಳೆಗಾಗಿ ಕಾಯುವುದೂ ಹೀಗೆಯೇ. ಧಾತು, ಈಶ್ವರ ಸಂವತ್ಸರಗಳ 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಇಂದಿನ ವಿಜಯಪುರ–ಬಾಗಲಕೋಟೆ ಸೀಮೆಯನ್ನು, ಹಿಂಡಿಹಾಕಿದಾಗ ನಕ್ಷತ್ರಗಳು ತಮ್ಮ ಜಾಗದಲ್ಲೇ ಇದ್ದವು. ಕೆಟ್ಟಿದ್ದು ಶಾಂತಸಾಗರದ ನೀರಿನ ತಾಪಮಾನ. ಅದು ಇತಿಹಾಸದ ಅತಿ ಪ್ರಬಲ ಎಲ್ ನಿನೋಗಳಲ್ಲೊಂದರ ಕಾಲ. ಇಂಡೊನೇಷ್ಯಾದ ತಂಬೋರ ಜ್ವಾಲಾಮುಖಿ 1815ರಲ್ಲಿ ಸಿಡಿದು ಮರುವರ್ಷ ಯುರೋಪು ಮತ್ತು ಉತ್ತರ ಅಮೆರಿಕದ ಹಲವೆಡೆ ಬೇಸಿಗೆಯೇ ಬಾರದಿದ್ದಾಗಲೂ ಭೂಮಿಯ ಕಕ್ಷೆ ಕದಲಿರಲಿಲ್ಲ. ಹಾಗಾಗಿ ಮಾರ್ಟಿನ್ ಅವರ ಲೋಕಕ್ಕೆ ನಿಜವಾಗಿಯೂ ಊಹೆಗೆ ನಿಲುಕದ ಋತು ಬೇಕೆಂದಾದರೆ, ಕಾರಣವನ್ನು ಅಲ್ಲಿನ ಸಮುದ್ರಗಳಲ್ಲೂ ಬೆಂಕಿಬೆಟ್ಟಗಳಲ್ಲೂ ಹುಡುಕುವುದು ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ. ಆದರೆ ಅದೂ ಹತ್ತು ವರ್ಷ ಎಡೆಬಿಡದೆ ನಿಲ್ಲುವುದು ಕಷ್ಟ.

ಕೊನೆಯದಾಗಿ, ಅಲ್ಲಿನ ಪಂಡಿತರ ವಿಷಯ. ಋತುಗಳು ಹೀಗೆ ಕೈಕೊಡುವ ಲೋಕದಲ್ಲಿಯೂ ಅವರು ವರ್ಷ ಎಣಿಸುತ್ತಾರೆ, ‘ಹತ್ತು ವರ್ಷದ ಬೇಸಿಗೆ’ ಎನ್ನುತ್ತಾರೆ. ಋತುವಿನಿಂದ ವರ್ಷ ಎಣಿಸಲಾಗದಿದ್ದ ಮೇಲೆ ನಕ್ಷತ್ರಗಳ ನಡುವೆ ಸೂರ್ಯನ ಸುತ್ತಿನಿಂದಲೇ ಎಣಿಸುತ್ತಿರಬೇಕು, ನಮ್ಮ ಮಳೆ ನಕ್ಷತ್ರಗಳ ಲೆಕ್ಕದ ಹಾಗೆ. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ರಚಿಸಿದ ಭಾಸ್ಕರಾಚಾರ್ಯ ತನ್ನ ಊರು ಸಹ್ಯಾದ್ರಿಯ ಆಸರೆಯ ವಿಜ್ಜಡವಿಡ ಎಂದು ಬರೆದಿದ್ದಾನೆ. ಅದು ವಿಜಯಪುರವೇ ಎಂದು ಇಲ್ಲಿಯವರೂ, ಚಾಳೀಸಗಾಂವ ಕಡೆಯದೆಂದು ಮಹಾರಾಷ್ಟ್ರದವರೂ ವಾದಿಸುತ್ತಾರೆ. ಆ ಗ್ರಂಥದ ಗೋಲಾಧ್ಯಾಯದಲ್ಲಿ ಋತುವರ್ಣನೆಗೇ ಒಂದು ಪ್ರಕರಣವಿದೆ. ನಕ್ಷತ್ರವರ್ಷ ಋತುವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಾದ್ದರಿಂದ ಭಾಸ್ಕರನ ಕಾಲದಿಂದ ಈಚೆಗೆ ಮಿರಗ ಋತುವಿಗಿಂತ ಸುಮಾರು 12 ದಿನ ಹಿಂದೆ ಬಿದ್ದಿದೆ, ಅಂದರೆ ಹೆಚ್ಚುಕಡಿಮೆ ಒಂದು ಮಳೆಯಷ್ಟು. ಇಷ್ಟು ನಿಧಾನದ ಜಾರುವಿಕೆಯನ್ನು ಅಯನಚಲನೆಯೆಂದು ಆ ಪರಂಪರೆ ಗುರುತಿಸಿತ್ತು. ಸೂರ್ಯನ ನಡೆ ವರ್ಷದಲ್ಲಿ ಸರಾಸರಿಗಿಂತ ಸುಮಾರು 2 ಡಿಗ್ರಿಯವರೆಗೆ ಹಿಂದುಮುಂದಾಗುವುದನ್ನೂ ಮಂದಫಲವೆಂಬ ತಿದ್ದುಪಡಿಯಿಂದ ಲೆಕ್ಕಕ್ಕೆ ತಂದಿತ್ತು, ದುರ್ಬೀನಿನ ನೆರವಿಲ್ಲದೆ. ಕಾಣದ ಸಂಗಾತಿಯ ಎಳೆತಕ್ಕೆ ಸಿಕ್ಕ ಸೂರ್ಯನಾದರೆ ಅದರ ನಡೆ ಇದಕ್ಕಿಂತ ಬಹಳ ಹೆಚ್ಚು ತೊಡರಬೇಕು, ಬಿಂಬ ಹಿಗ್ಗಿ ಕುಗ್ಗಬೇಕು. ನೂರಾರು ವರ್ಷಗಳ ಅಳತೆಗಳನ್ನು ಕೂಡಿಟ್ಟ ಪಂಡಿತರ ಮಠ ಅದನ್ನು ಗಮನಿಸದಿರುವುದು ಸಾಧ್ಯವಿಲ್ಲ. ಗಮನಿಸಿದ್ದರೆ ಮುಂದಿನ ಚಳಿಗಾಲದ ತಾರೀಖನ್ನು ಒಂದು ಮಟ್ಟಿಗಾದರೂ ಮೊದಲೇ ಬರೆದಿಡುತ್ತಿದ್ದರು. ಅವರ ಬಳಿ ಅಂಥ ಕೋಷ್ಟಕವಿಲ್ಲವೆಂಬುದೇ ಜೋಡಿ ಸೂರ್ಯರ ವಾದಕ್ಕೆ ನನಗೆ ಕಾಣುವ ಅತಿ ದೊಡ್ಡ ಅಡ್ಡಿ, ಮತ್ತು ಆ ಮಟ್ಟಿಗೆ ಮಾಂತ್ರಿಕ ಕಾರಣವೆಂಬ ಲೇಖಕರ ಮಾತು ಅವರ ಕಥೆಗೆ ಸರಿಯಾಗಿಯೇ ಹೊಂದುತ್ತದೆ.