ಸಾಕು ಮೊಲದ ಬಣ್ಣ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ?

ಮೊಲ ಸಾಕಿದ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳುತ್ತದೆ: "ತಂದಾಗ ಇದ್ದ ಬಣ್ಣ ಈಗ ಇಲ್ಲ." ಮಾತು ಸುಳ್ಳಲ್ಲ. ಆದರೆ ಕಾರಣ ಒಂದೇ ಅಲ್ಲ, ಎಲ್ಲವೂ ಕಾಲದ ಕೆಲಸವೂ ಅಲ್ಲ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಬಣ್ಣ ತುಂಬುವುದು ಬುಡದಲ್ಲಿ, ಅದೂ ಕೂದಲು ಬೆಳೆಯುತ್ತಿರುವಾಗ ಮಾತ್ರ. ಹಾಗಾಗಿ ಬಣ್ಣ ಬದಲಾಗಲು ಎರಡೇ ದಾರಿ. ಹಳೆ ಕೂದಲು ಉದುರಿ ಬೇರೆ ಬಣ್ಣದ ಕೂದಲು ಬರಬೇಕು ಅಥವಾ ಒಳಗಿನದು ಕಾಣಬೇಕು. ಇಲ್ಲಾಂದ್ರೆ ಬಿಸಿಲು, ಕೊಳೆ ಹೀಗೆ ಹೊರಗಿನದು ಏನಾದರೂ ಅದರ ಮೇಲೆ ಕೆಲಸ ಮಾಡಬೇಕು. ಮುಂದಿನದನ್ನೆಲ್ಲ ಇದರ ಮೇಲೆಯೇ ಅರ್ಥ ಮಾಡಿಕೊಳ್ಳಬಹುದು.

ಚಳಿಗಾಲದಲ್ಲಿ ಪೂರ್ತಿ ಬೆಳ್ಳಗಾಗುವ ಮೊಲಗಳ ಚಿತ್ರ ಪುಸ್ತಕದಲ್ಲಿ ನೋಡಿರುತ್ತೀರಿ. ಅವು ಹಿಮ ಬೀಳುವ ನಾಡಿನ ಕಾಡು ಮೊಲಗಳು. ಉತ್ತರ ಅಮೆರಿಕದ ಲೆಪಸ್ ಅಮೆರಿಕಾನಸ್, ಯುರೋಪಿನ ಲೆಪಸ್ ಟಿಮಿಡಸ್ ಅಂಥವು. ಅವುಗಳಿಗೆ ಸೂಚನೆ ಕೊಡುವುದು ಮುಖ್ಯವಾಗಿ ಹಗಲಿನ ಉದ್ದ, ಹಿಮ ಅಲ್ಲ. ಹಗಲು ಚಿಕ್ಕದಾದಂತೆ ಮೆದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಜಾಸ್ತಿ ಹೊತ್ತು ಬರುತ್ತದೆ. ಅದರಿಂದ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಇಳಿಯುತ್ತದೆ, ಬಿಳಿ ಕೂದಲು ಹುಟ್ಟುತ್ತದೆ. ಹಿಮ ತಡವಾಗಿ ಬಿದ್ದ ವರ್ಷ ಕಂದು ನೆಲದ ಮೇಲೆ ಬಿಳಿ ಮೊಲ ಕೂತಿರುತ್ತದೆ, ಬೇಟೆಯಾಡುವ ಪ್ರಾಣಿಗಳ ಕಣ್ಣಿಗೆ ಸುಲಭವಾಗಿ ಬೀಳುತ್ತದೆ. ಪಾಪ, ಅದು ಹಗಲನ್ನು ನಂಬಿ ಬಟ್ಟೆ ಬದಲಿಸಿಕೊಂಡಿತ್ತು.

ನಮ್ಮ ಸಾಕು ಮೊಲ ಇವುಗಳ ಜಾತಿಯಲ್ಲ. ಅದು ಯುರೋಪಿನ ಬಿಲ ತೋಡುವ ಮೊಲದಿಂದ ಬಂದದ್ದು. ಹೆಸರು ಒರಿಕ್ಟೋಲಾಗಸ್ ಕ್ಯುನಿಕ್ಯುಲಸ್. ಚಳಿಗೆ ಬೆಳ್ಳಗಾಗುವ ಗುಣ ಅದಕ್ಕಿಲ್ಲ. ನಂದಿ ಬೆಟ್ಟದ ಕಡೆ ಹೊಲದ ಬದುಗಳಲ್ಲಿ ಓಡಾಡುವ ಕಾಡು ಮೊಲ ಲೆಪಸ್ ನೈಗ್ರಿಕಾಲಿಸ್. ಅದೂ ಬೆಳ್ಳಗಾಗುವುದಿಲ್ಲ. ಅದರ ಕತ್ತಿನ ಹಿಂದೆ ಕಪ್ಪು ಪಟ್ಟೆ ಇರುತ್ತದೆ, ಗುರುತಿಗೆ ಅಷ್ಟು ಸಾಕು. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಬೆಳ್ಳಗಾಗದಿದ್ದರೂ ಸಾಕು ಮೊಲ ಕೂದಲು ಉದುರಿಸುತ್ತದೆ. ತಂಪು ದೇಶಗಳಲ್ಲಿ ಇದು ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಚಳಿಗಾಲಕ್ಕೆ ಮುಂಚೆ, ಜೋರಾಗಿ ನಡೆಯುತ್ತದೆ. ಚಿಕ್ಕಬಳ್ಳಾಪುರದಲ್ಲಿ ಅಷ್ಟು ಅಚ್ಚುಕಟ್ಟಾಗಿ ಕಾಣುವುದಿಲ್ಲ. ಯಾಕೆ ಅಂದರೆ ಇಲ್ಲಿ ಜೂನ್‌ನ ಉದ್ದದ ಹಗಲಿಗೂ ಡಿಸೆಂಬರ್‌ನ ಚಿಕ್ಕ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ಸ್ಕಾಟ್ಲೆಂಡ್‌ನ ಉತ್ತರದಲ್ಲಿ ಅದು ಹತ್ತು ಗಂಟೆ ದಾಟುತ್ತದೆ. ಜೊತೆಗೆ ಮನೆಯೊಳಗೆ ರಾತ್ರಿ ಹತ್ತರವರೆಗೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಮೊಲಕ್ಕೆ ಹಗಲು ಎಲ್ಲಿ ಮುಗಿಯಿತು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ನಮ್ಮಲ್ಲಿ ಎಷ್ಟೋ ಮೊಲಗಳು ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತಲೇ ಇರುತ್ತವೆ.

ಉದುರುವುದು ಸಾಮಾನ್ಯವಾಗಿ ತಲೆಯಿಂದ ಶುರುವಾಗಿ ಕತ್ತು, ಬೆನ್ನು, ಪಕ್ಕೆ, ಹೊಟ್ಟೆಗೆ ಇಳಿಯುತ್ತದೆ. ಹಳೆಯದೂ ಹೊಸದೂ ಸೇರುವ ಕಡೆ ಬೆನ್ನ ಮೇಲೆ ಒಂದು ಗೆರೆ ಕಾಣುತ್ತದೆ. ಆ ವಾರಗಳಲ್ಲಿ ಮೊಲ ತೇಪೆ ಹಾಕಿದಂತೆ ಎರಡು ಬಣ್ಣ ಆಗಿರುತ್ತದೆ. ಸೋವಿಯತ್ ಚಿಂಚಿಲ್ಲಾ ಎಂಬ ತಳಿಯ ಮೊಲ ಸಿಕ್ಕರೆ ಪಕ್ಕೆಯ ಮೇಲೆ ಮೆಲ್ಲಗೆ ಊದಿ ನೋಡಿ. ಕೂದಲು ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಬುಡದಲ್ಲಿ ನೀಲಿ ಬೂದು, ಅದರ ಮೇಲೆ ಮುತ್ತಿನ ಬಿಳಿ, ತುದಿಯಲ್ಲಿ ಕಪ್ಪು. ಮೇಲಿನ ಉದ್ದ ಕೂದಲು ಉದುರಿದಾಗ ಒಳಗಿನ ಬೂದು ಹೊರಗೆ ಕಾಣುತ್ತದೆ. ಅಲ್ಲಿ ಹೊಸ ಬಣ್ಣ ಏನೂ ಹುಟ್ಟಿಲ್ಲ, ಮುಚ್ಚಿದ್ದದ್ದು ಕಂಡಿದೆ. ಬಣ್ಣದ ಮೊಲಗಳಲ್ಲಿ ಹೊಸ ಕೂದಲು ಬರುವ ಜಾಗದ ಚರ್ಮವೂ ಕಪ್ಪಾಗಿ, ದಪ್ಪಗೆ ಕಾಣಬಹುದು. ಅದು ಏಟಿನ ಗುರುತು ಅಂತ ಹೆದರಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಹಿಮಾಲಯನ್ ಮತ್ತು ಕ್ಯಾಲಿಫೋರ್ನಿಯನ್ ತಳಿಯ ಮೊಲಗಳ ಮೈ ಬಿಳಿ. ಮೂಗು, ಕಿವಿ, ಪಾದ, ಬಾಲ ಮಾತ್ರ ಕಪ್ಪು. ಕೂದಲಿಗೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಇವುಗಳಲ್ಲಿ ಆ ಕಿಣ್ವ ಬಿಸಿ ತಡೆಯುವುದಿಲ್ಲ. ಮೊಲದ ಒಳಮೈ ಸುಮಾರು 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೆಚ್ಚಗಿರುವ ಬೆನ್ನಲ್ಲಿ ಕಿಣ್ವ ಕೆಲಸ ಮಾಡದೆ ಕೂದಲು ಬೆಳ್ಳಗೆ ಬರುತ್ತದೆ. ತಣ್ಣಗಿರುವ ಕಿವಿ, ಮೂಗಿನಲ್ಲಿ ಕೆಲಸ ಮಾಡಿ ಕಪ್ಪು ಬರುತ್ತದೆ. ಬೆನ್ನಿನ ಬಿಳಿ ಕೂದಲು ಬೋಳಿಸಿ, ಅಲ್ಲಿ ಮಂಜುಗಡ್ಡೆ ಕಟ್ಟಿದರೆ ಹೊಸ ಕೂದಲು ಕಪ್ಪಗೆ ಬರುತ್ತದೆ ಎಂಬ ಪ್ರಯೋಗ ಜೀವಶಾಸ್ತ್ರದ ಪುಸ್ತಕಗಳಲ್ಲಿ ಪ್ರಸಿದ್ಧ. ಜೀನ್ ಅದೇ, ಜಾಗದ ತಾಪ ಬೇರೆ, ಬಣ್ಣ ಬೇರೆ! ಮನೆಯಲ್ಲಿ ದಯವಿಟ್ಟು ಇದನ್ನು ಮಾಡಬೇಡಿ, ಮೊಲಕ್ಕೆ ಹಿಂಸೆ.

ಹಾಗಾದರೆ ನಮ್ಮೂರ ಚಳಿಗೂ ಏನಾದರೂ ಆಗುತ್ತದಾ? ಆಗಬಹುದು. ಡಿಸೆಂಬರ್, ಜನವರಿಯ ಥಂಡಿಯಲ್ಲಿ ಬಯಲಲ್ಲಿ ಇಟ್ಟ ಗೂಡಿನಲ್ಲಿ ಬೆಳೆದ ಕೂದಲಿನ ಕಪ್ಪು ಗಾಢವಾಗಿ, ಅಗಲವಾಗಿ ಬರಬಹುದು. ಬೇಸಿಗೆಯಲ್ಲಿ ಬೆಳೆದದ್ದು ಮಾಸಲಾಗಬಹುದು. ಥಂಡಿ ತಗುಲಿದ ಹಿಮಾಲಯನ್ ಮರಿಗಳ ಮೈಗೆ ಬೂದು ಛಾಯೆ ಬರುವುದೂ ಇದೆ, ಮುಂದೆ ಕೂದಲು ಬದಲಾದಾಗ ಅದು ಹೋಗುತ್ತದೆ. ನ್ಯೂಜಿಲ್ಯಾಂಡ್ ವೈಟ್ ಮೊಲಕ್ಕೆ ಇದ್ಯಾವುದೂ ಇಲ್ಲ. ಅದು ಅಲ್ಬಿನೊ, ಅಂದರೆ ಅದರ ಮೈಯಲ್ಲಿ ಮೆಲನಿನ್ ತಯಾರಾಗುವುದೇ ಇಲ್ಲ. ಎಷ್ಟೇ ಚಳಿ ಇದ್ದರೂ ಬಿಳಿಯೇ. ವಿದ್ಯಾರ್ಥಿಗಳು ಪರೀಕ್ಷೆಗೆ ಬರೆಯುವಾಗ ಹಿಮಾಲಯನ್, ನ್ಯೂಜಿಲ್ಯಾಂಡ್ ವೈಟ್ ಈ ಎರಡು ತಳಿಯನ್ನು ಪಕ್ಕಪಕ್ಕ ಇಟ್ಟು ಬರೆಯಿರಿ, ಉತ್ತರ ಚೆನ್ನಾಗಿ ಕೂರುತ್ತದೆ.

ಉಳಿದವು ಹೊರಗಿನ ಕಾರಣಗಳು. ಬಿಸಿಲಿಗೆ ಬಿಟ್ಟ ಕಪ್ಪು ಮೊಲದ ಹಳೆ ಕೂದಲು ತುಕ್ಕಿನ ಕಂದಾಗುತ್ತದೆ. ಬಿಳಿ ಮೊಲದ ಪಾದ ಹಳದಿ ಆಗಿದ್ದರೆ ಗೂಡಿನಲ್ಲಿ ಮೂತ್ರ ನಿಂತಿದೆ ಅಂತ ಅರ್ಥ, ಗೂಡು ತೊಳೆಯಿರಿ.

ಉದುರುವ ದಿನಗಳಲ್ಲಿ ಮೊಲ ತನ್ನ ಮೈ ನೆಕ್ಕಿ ಕೂದಲು ನುಂಗುತ್ತದೆ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಮೆತ್ತಗೆ ಬಾಚಿ ಸಡಿಲ ಕೂದಲು ತೆಗೆಯಿರಿ, ಒಣಹುಲ್ಲು ಯಾವಾಗಲೂ ಮುಂದೆ ಇರಲಿ. ಮೇವು ಬಿಟ್ಟು, ಹಿಕ್ಕೆ ಹಾಕುವುದು ನಿಂತರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೊಸ ಕೂದಲು ಬಾರದೆ ಗುಂಡಗೆ ಬೋಳಾಗಿ ಹೊಟ್ಟು ಏಳುತ್ತಿದ್ದರೆ, ಕಿವಿ ಅಂಚಿನಲ್ಲಿ ಹಕ್ಕಳೆ ಕಟ್ಟಿದ್ದರೆ ಅದು ಹುಳುಕಡ್ಡಿ ಅಥವಾ ಕಜ್ಜಿ ಇರಬಹುದು. ಇವು ಮನುಷ್ಯರಿಗೂ ಅಂಟುತ್ತವೆ, ತೋರಿಸುವವರೆಗೆ ಮಕ್ಕಳ ಕೈಗೆ ಮೊಲ ಕೊಡಬೇಡಿ.