ಮೊದಲು ನಿಮ್ಮ ಅಂದಾಜು ಹೇಳಿ

"ಈ ವಯಸ್ಸಲ್ಲಿ ನಮ್ಮ ತಲೆಗೆ ಏನ್ ಹತ್ತುತ್ತೆ ಮೇಡಂ? ನಮ್ಮ ಹುಡುಗನ್ನ ಕಳಿಸ್ತೀನಿ, ಅವನಿಗೇ ಹೇಳ್ಬಿಡಿ."

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ರೇಷ್ಮೆ ಬೆಳೆಗಾರರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹದಿನೆಂಟು ವರ್ಷದಲ್ಲಿ ಈ ಮಾತು ಕೇಳದ ಊರೇ ಇಲ್ಲ. ಹೀಗೆ ಹೇಳುವವರು ಯಾರು ಗೊತ್ತಾ? ಹಿಪ್ಪುನೇರಳೆ ಎಲೆಯನ್ನು ಬೆರಳಲ್ಲಿ ಮುಟ್ಟಿ, ಇದು ಎಳೆಯ ಹುಳುವಿಗೆ ಆಗುತ್ತದೋ ಇಲ್ಲವೋ ಹೇಳುವವರು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಕೋಶವಾಗಿ ಗಟ್ಟಿಯಾಗಿದೆಯಾ ಅಂತ ತಿಳಿಯುವವರು. ಮೊಬೈಲಲ್ಲಿ ದುಡ್ಡು ಕಳಿಸುವುದನ್ನು ಐವತ್ತು ದಾಟಿದ ಮೇಲೆ ಕಲಿತವರು. ಕಲಿಯೋಕೆ ಆಗಲ್ಲ ಅನ್ನೋದು ಹೇಗೆ ನಿಜ ಆಗುತ್ತೆ?

ವಯಸ್ಸಾದಂತೆ ಒಂದು ವಿಷಯದಲ್ಲಿ ನಾವು ನಿಧಾನವಾಗುವುದು ಹೌದು. ಹೊಸದನ್ನು ಥಟ್ಟಂತ ಹಿಡಿಯುವ ವೇಗ ಇಳಿಯುತ್ತದೆ. ಒಂದೇ ಉಸಿರಲ್ಲಿ ಆರೇಳು ಸಂಗತಿ ಹೇಳಿದರೆ ಅಷ್ಟೂ ತಲೆಯಲ್ಲಿ ನಿಲ್ಲುವುದಿಲ್ಲ. ಆದರೆ ಮಾತಿನ ಸಂಪತ್ತು, ಅನುಭವದಿಂದ ಬಂದ ತಿಳಿವಳಿಕೆ ಹಾಗೆ ಇಳಿಯುವುದಿಲ್ಲ. ನಡುವಯಸ್ಸು ದಾಟಿದ ಮೇಲೂ ಅದು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ದೊಡ್ಡವರಿಗೆ ಕಲಿಸುವವರು ಗಡಿಬಿಡಿ ಬಿಡಬೇಕು. ಹೊಸ ಮಾತನ್ನು ಅವರ ಹಳೆಯ ಅನುಭವಕ್ಕೆ ಗಂಟು ಹಾಕಬೇಕು.

ರೇಷ್ಮೆಹುಳು ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಆಗ ಹುಳು ತಿನ್ನದೆ, ತಲೆ ಎತ್ತಿ ಸುಮ್ಮನೆ ಇರುತ್ತದೆ. ನೂರಕ್ಕೆ ತೊಂಬತ್ತೈದು ಹುಳು ಎದ್ದ ಮೇಲೆ ಸೊಪ್ಪು ಹಾಕಿ ಅಂತ ನಾವು ಹೇಳುತ್ತೇವೆ. ಎಲ್ಲರೂ ತಲೆಯಾಡಿಸುತ್ತಾರೆ. ಮನೆಗೆ ಹೋದ ಮೇಲೆ ಅರ್ಧ ಹುಳು ಎದ್ದ ಕೂಡಲೇ ಹಾಕುತ್ತಾರೆ. "ಹಸಿದಿರ್ತಾವೆ ಪಾಪ" ಅನ್ನುವುದು ಕಾರಣ. ಮೊದಲು ತಿಂದವು ಮುಂದೆ ಹೋಗುತ್ತವೆ, ತಡವಾಗಿ ಎದ್ದವು ಸೊಪ್ಪಿನ ಅಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೊನೆಗೆ ಒಂದೇ ತಟ್ಟೆಯಲ್ಲಿ ದಪ್ಪ ಹುಳು, ಸಣ್ಣ ಹುಳು ಎರಡೂ ಕಾಣುತ್ತವೆ.

ಈ ಅಂಕಿಯನ್ನು ನಾನು ವರ್ಷಗಟ್ಟಲೆ ಹೇಳಿದೆ. ಪ್ರಯೋಜನ ಆಗಲಿಲ್ಲ. ಆಮೇಲೊಂದು ದಿನ ಹೆಂಗಸರ ಗುಂಪಿನಲ್ಲಿ ಕೇಳಿದೆ: "ಅಕ್ಕ, ಮಗು ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿರುವಾಗ ಬಾಯಿಗೆ ಮುದ್ದೆ ತುರುಕ್ತೀರಾ?" ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಾಕೆ ಪಕ್ಕದವಳಿಗೆ ತೆಲುಗಿನಲ್ಲಿ ಏನೋ ಹೇಳಿದರು. ಅಲ್ಲಿಂದ ಶುರುವಾದ ಚರ್ಚೆ ಅರ್ಧ ಗಂಟೆ ನಡೆಯಿತು. ಜ್ವರ ಅನ್ನುವ ಪದ ಅವರದ್ದೇ. ತಿಳಿವಳಿಕೆಯೂ ಅವರದ್ದೇ. ನಾನು ಮಾಡಿದ್ದು ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದ್ದಷ್ಟೇ.

ತೆಲುಗಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಎಷ್ಟೋ ಜನ ವ್ಯವಹಾರಕ್ಕೆ ಕನ್ನಡ ಮಾತಾಡುತ್ತಾರೆ, ಲೆಕ್ಕ ಮಾತ್ರ ಮನಸ್ಸಿನಲ್ಲಿ ತೆಲುಗಿನಲ್ಲೇ ಹಾಕುತ್ತಾರೆ. ತರಬೇತಿಯಲ್ಲಿ ಅವರು ತಮ್ಮ ತಮ್ಮಲ್ಲೇ ತೆಲುಗಿನಲ್ಲಿ ಮಾತಾಡಿದರೆ "ಗಲಾಟೆ ಮಾಡಬೇಡಿ" ಅಂತ ಗದರುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಲಿಕೆ ನಡೆಯುತ್ತಿರುವುದೇ ಆ ಗಲಾಟೆಯಲ್ಲಿ.

ಇನ್ನು ಥರ್ಮಾಮೀಟರ್ ವಿಷಯ. ಬಿಳಿ ಗೂಡು ಕಟ್ಟುವ ಬೈವೋಲ್ಟೀನ್ ತಳಿ ಬೆಳೆಯುವವರ ಹುಳದ ಮನೆಯಲ್ಲಿ ಅದೊಂದು ಗೋಡೆಗೆ ನೇತಾಡುತ್ತಿರುತ್ತದೆ. ನೋಡುವವರು ಕಮ್ಮಿ. ಅರವತ್ತರ ಆಸುಪಾಸಿನ ಒಬ್ಬ ಯಜಮಾನರು ನೇರವಾಗಿಯೇ ಹೇಳಿದ್ದರು: "ನಮ್ಮಪ್ಪನ ಕಾಲದಿಂದ ಹುಳು ಮೇಯಿಸ್ತಿದ್ದೀವಿ. ಒಳಗೆ ಕಾಲಿಟ್ರೆ ನನಗೆ ಗೊತ್ತಾಗುತ್ತೆ." ಆದರೆ ಆ ಜನವರಿಯಲ್ಲಿ ಅವರ ಹುಳು ಸರಿಯಾಗಿ ಸೊಪ್ಪು ತಿನ್ನುತ್ತಿರಲಿಲ್ಲ. ಗೂಡು ಕಟ್ಟಲು ಜಾಸ್ತಿ ದಿನ ಹಿಡಿಯುತ್ತಿತ್ತು.

ನಾನು ವಾದ ಮಾಡಲಿಲ್ಲ. ಒಂದು ಸೀಮೆಸುಣ್ಣ ಕೊಟ್ಟು, "ಒಳಗೆ ಹೋದ ತಕ್ಷಣ ನಿಮ್ಮ ಅಂದಾಜು ಬಾಗಿಲ ಮೇಲೆ ಬರೀರಿ. ಆಮೇಲೆ ಥರ್ಮಾಮೀಟರ್ ನೋಡಿ, ಅದನ್ನೂ ಪಕ್ಕದಲ್ಲಿ ಬರೀರಿ" ಅಂದೆ. ದಿನಕ್ಕೆ ಮೂರು ಸಲ: ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ. ಹತ್ತು ದಿನ.

ಮತ್ತೆ ಹೋದಾಗ ಹಸಿರು ಬಣ್ಣದ ಬಾಗಿಲ ತುಂಬ ಎರಡು ಸಾಲು ಅಂಕಿಗಳು. ಅವರೇ ಬೆರಳಿಟ್ಟು ತೋರಿಸಿದರು. ರಾತ್ರಿಯ ಅಂದಾಜು ಹೆಚ್ಚುಕಮ್ಮಿ ಸರಿ ಇತ್ತು. ಬೆಳಗಿನ ಜಾವದ್ದು ಮಾತ್ರ ಪ್ರತಿ ಸಲ ತಪ್ಪು. 24 ಅಂತ ಬರೆದ ಕಡೆ ಥರ್ಮಾಮೀಟರ್ 20 ತೋರಿಸಿತ್ತು. ಯಾಕಿರಬಹುದು ಅಂತ ಕೇಳಿದೆ. ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿ ಹೇಳಿದರು: "ಹೊರಗೆ ಚಳಿ ಅಲ್ವಾ ಮೇಡಂ. ಚಳಿಯಿಂದ ಒಳಗೆ ಬಂದವನಿಗೆ ಬೆಚ್ಚಗೇ ಅನ್ಸುತ್ತೆ. ಹುಳು ಚಳಿಯಿಂದ ಬಂದಿಲ್ಲವಲ್ಲ, ಅದು ರಾತ್ರಿಯೆಲ್ಲಾ ಒಳಗೇ ಇದೆ." ಕಡೆಯ ಹಂತದ ಹುಳುವಿಗೆ 24ರಿಂದ 25 ಡಿಗ್ರಿ ಬೇಕು. ಅವತ್ತು ಸಂಜೆಯೇ ಹೀಟರ್ ವ್ಯವಸ್ಥೆ ಮಾಡಿದರು. ನಾನು ಹೇಳಬೇಕಾಗಲಿಲ್ಲ.

ಇಲ್ಲಿ ನಡೆದದ್ದನ್ನು ಗಮನಿಸಿ. ಅಂದಾಜನ್ನು ಮೊದಲೇ ಬರೆದಿದ್ದರಿಂದ "ನನಗೆ ಗೊತ್ತೇ ಇತ್ತು" ಅಂತ ಆಮೇಲೆ ಹೇಳುವ ಹಾಗಿರಲಿಲ್ಲ. ತಪ್ಪು ತೋರಿಸಿದ್ದು ಬಾಗಿಲು, ನಾನಲ್ಲ. ಅವರ ಕೌಶಲ ಎಲ್ಲಿ ಸರಿ ಇದೆ ಅನ್ನುವುದೂ ಅದೇ ಬಾಗಿಲಲ್ಲಿ ಕಾಣುತ್ತಿತ್ತು. ದೊಡ್ಡವರಿಗೆ ಹೊಸದನ್ನು ಕಲಿಯುವುದು ಅಷ್ಟು ಕಷ್ಟವಲ್ಲ, ಕೈಗೆ ಹತ್ತಿದ ಹಳೆಯದನ್ನು ಬಿಡುವುದು ಕಷ್ಟ. ಅದನ್ನು ಬಿಡಬೇಕಾದರೆ ಸ್ವಂತ ಕಣ್ಣಿಂದ ನೋಡಬೇಕು, ನಾಲ್ಕು ಜನರ ಮುಂದೆ ಮರ್ಯಾದೆಯೂ ಹೋಗಬಾರದು.

ಮರ್ಯಾದೆಯ ಪಾಠ ನಾನು ಕಲಿತದ್ದು ಬೇರೆ ರೀತಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಚಾರ್ಟ್ ಕೊಟ್ಟು ಗಟ್ಟಿಯಾಗಿ ಓದಿ ಅಂದೆ. ಜೇಬು ತಡಕಿ "ಕನ್ನಡಕ ಮನೇಲಿ ಬಿಟ್ಟು ಬಂದೆ" ಅಂದರು. ಊಟದ ಹೊತ್ತಿಗೆ ಎದ್ದು ಹೋದವರು ಮತ್ತೆ ಯಾವ ತರಬೇತಿಗೂ ಬರಲಿಲ್ಲ. ಅವರಿಗೆ ಓದು ಬರುವುದಿಲ್ಲ ಅಂತ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಅಂದಿನಿಂದ ಯಾರಿಗೂ ಎದ್ದು ಓದಿ ಅಂದಿಲ್ಲ. ಹಾಜರಿ ಪುಸ್ತಕವನ್ನು ಸಭೆಯ ನಡುವೆ ಸುತ್ತಿಸುವುದೂ ಇಲ್ಲ. ಹೊರಡುವಾಗ ಒಬ್ಬೊಬ್ಬರೇ ಬಂದು ಸಹಿಯೋ ಹೆಬ್ಬೆಟ್ಟೋ ಹಾಕುತ್ತಾರೆ.

ಮರೆವಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಹೆಚ್ಚಿನ ಪಾಲು ಮೊದಲ ದಿನದಲ್ಲೇ ಜಾರಿಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಹಾಳೆ ಮುಚ್ಚಿ, ನೆನಪಿಗೆ ಬಂದಷ್ಟು ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ಮೇಲೆ ನೆನಪಿಸಿಕೊಂಡು ಬರೆದವರು ಮುಂದಿದ್ದರು.

ಇದು ಗೊತ್ತಾದ ಮೇಲೆ ಕರಪತ್ರ ಹಂಚುವುದನ್ನು ಕಮ್ಮಿ ಮಾಡಿ, ಕೇಳುವುದನ್ನು ಜಾಸ್ತಿ ಮಾಡಿದೆ. ಚಾರ್ಟ್ ಸುತ್ತಿಟ್ಟು, "ಹಾಲುತೊಂಡೆ ರೋಗ ಬಂದ ಹುಳು ಹೇಗಿರುತ್ತೆ, ಪಕ್ಕದವರಿಗೆ ಹೇಳಿ" ಅನ್ನುತ್ತೇನೆ. ಮೈ ಊದಿ, ಚರ್ಮ ಹರಿದು ಹಾಲಿನಂಥ ನೀರು ಸೋರುತ್ತೆ ಅಂತ ಒಬ್ಬರು ಶುರು ಮಾಡಿದರೆ, ಬಿಟ್ಟದ್ದನ್ನು ಇನ್ನೊಬ್ಬರು ಸೇರಿಸುತ್ತಾರೆ. ಮತ್ತೆ ಮೂರನೇ ದಿನ ಫೋನ್ ಮಾಡಿ ಅದನ್ನೇ ಕೇಳುತ್ತೇನೆ. ಮುಂದಿನ ಬೆಳೆಗೆ ಚಾಕಿ, ಅಂದರೆ ಎಳೆಯ ಹುಳು, ತಂದಾಗ ಇನ್ನೊಮ್ಮೆ.

ಕಲಿಸಲು ಸರಿಯಾದ ದಿನವನ್ನು ಹುಳುವೇ ಹೇಳುತ್ತದೆ. ಹುಳುಗಳ ಹಾಸಿಗೆಗೆ ಸೋಂಕುನಿವಾರಕ ಪುಡಿ ಎರಚುವುದನ್ನು ಜ್ವರದಿಂದ ಹುಳು ಎದ್ದ ಬೆಳಿಗ್ಗೆ ತೋರಿಸಿದರೆ ಹತ್ತು ನಿಮಿಷ ಸಾಕು. ವರ್ಷದ ತರಬೇತಿಯನ್ನೆಲ್ಲ ಮಾರ್ಚ್ ತಿಂಗಳಲ್ಲಿ ಒಟ್ಟಿಗೆ ಮುಗಿಸುವ ಪದ್ಧತಿ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಇಂಡೋನೇಷ್ಯಾದಲ್ಲಿ 1989ರಲ್ಲಿ ಭತ್ತದ ರೈತರಿಗಾಗಿ ಕ್ಷೇತ್ರ ಪಾಠಶಾಲೆ ಶುರುವಾದಾಗ, ನಾಟಿಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರಿ, ಕೀಟ ನೋಡಿ, ತೀರ್ಮಾನ ಮಾಡುತ್ತಿದ್ದರು. ಹೆಂಗಸರಿಗಾದರೆ ಹೊತ್ತನ್ನೂ ನೋಡಬೇಕು. ಹನ್ನೊಂದರಿಂದ ಒಂದು ಗಂಟೆ ಆದರೆ ಸರಿ. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ ಕೂರಿಸಿದರೆ ಅವರ ಮನಸ್ಸೆಲ್ಲ ಹಸುವಿನ ಹತ್ತಿರವೇ ಇರುತ್ತದೆ.

ಕಳೆದ ತಿಂಗಳು ಆ ಯಜಮಾನರ ಮನೆಗೆ ಮತ್ತೆ ಹೋಗಿದ್ದೆ. ಬಾಗಿಲಲ್ಲಿ ಈಗ ಮೂರು ಸಾಲು ಅಂಕಿ. ಒಂದು ಅವರದ್ದು, ಒಂದು ಸೊಸೆಯದ್ದು, ಕೊನೆಯದು ಥರ್ಮಾಮೀಟರಿನದ್ದು. ಒಳಗೆ ಹೆಜ್ಜೆ ಇಡುತ್ತಿದ್ದಂತೆ ಸೊಸೆ ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. "ಮೊದ್ಲು ನಿಮ್ದೆಷ್ಟು ಹೇಳಿ ಮೇಡಂ." ನಾನು ಬರೆದ ಮೇಲೆಯೇ ಯಜಮಾನರು ಥರ್ಮಾಮೀಟರಿನ ಕಡೆ ಟಾರ್ಚ್ ಹಿಡಿದರು.