ಆದಿಸಭೆಯವರು ಎಲ್ಲಾ ಮಾರಿ ಹಂಚಿಕೊಂಡ್ರಲ್ಲ, ನಾವೂ ಮನೆ-ಹೊಲ ಮಾರ್ಬೇಕಾ?

ಅಪೊಸ್ತಲರ ಕೃತ್ಯಗಳು (ಅಪೊಸ್ತಲರು ಅಂದ್ರೆ ಯೇಸುವಿನ ಮುಖ್ಯ ಶಿಷ್ಯರು, ಅವರಿದ್ದ ಮೊದಲ ಸಭೆ ಅಂದ್ರೆ ಆದಿಸಭೆಯ ಕಥೆ ಇರೋ ಬೈಬಲ್ ಪುಸ್ತಕ ಇದು) ಹೊಸದಾಗಿ ಓದೋಕೆ ಶುರು ಮಾಡಿರೋರು ಈ ಪ್ರಶ್ನೆ ಕೇಳ್ತಾನೇ ಇರ್ತಾರೆ, 2ನೇ ಅಧ್ಯಾಯದ ಕೊನೆಗೆ ಬಂದ ತಕ್ಷಣ ಮನಸ್ಸಿಗೆ ಚುಚ್ಚುತ್ತೆ, ಅವ್ರು ಅಷ್ಟು ಮಾಡಿದ್ರು ನಾವೇನ್ ಮಾಡ್ತಿದೀವಿ ಅಂತ.

ಮಾರಲೇಬೇಕು ಅನ್ನೋ ರೂಲ್ ಆಗಲೂ ಇರ್ಲಿಲ್ಲ. 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೇತ್ರ, ಹೊಲ ಮಾರಿ ದುಡ್ಡು ತಂದ ಅನನೀಯನಿಗೆ ಹೇಳೋದೇ ಅದನ್ನ, ಹೊಲ ಮಾರೋ ಮುಂಚೆ ನಿಂದೇ ಆಗಿತ್ತು, ಮಾರಿದ್ಮೇಲೆ ದುಡ್ಡೂ ನಿನ್ನ ಕೈಲೇ ಇತ್ತಲ್ವಾ ಅಂತ. ಅವನೂ ಹೆಂಡ್ತಿ ಸಪ್ಫೈರಳೂ ತಪ್ಪು ಮಾಡಿದ್ದು ಸ್ವಲ್ಪ ಇಟ್ಕೊಂಡಿದ್ದಕ್ಕಲ್ಲ, ಪೂರ್ತಿ ಕೊಟ್ವಿ ಅಂತ ಸುಳ್ಳು ಹೇಳಿದ್ದಕ್ಕೆ. ಅದೇ ಸಭೆಯ ಬಾರ್ನಬ ಹೊಲ ಮಾರಿ ಕೊಟ್ಟ ನಿಜ, ಆದ್ರೆ ಮಾರ್ಕನ ತಾಯಿ ಮರಿಯಳ ಮನೆ ಯೆರೂಸಲೇಮಲ್ಲಿ ಹಾಗೇ ಇತ್ತು, ಪೇತ್ರ ಜೈಲಿಂದ ಹೊರಗೆ ಬಂದಾಗ ಸಭೆಯವರು ಪ್ರಾರ್ಥನೆ ಮಾಡ್ತಾ ಕೂತಿದ್ದು ಅದೇ ಮನೇಲಿ. ಒಬ್ರು ಮಾರಿ ಕೊಟ್ರು, ಇನ್ನೊಬ್ರು ಬಾಗ್ಲು ತೆರೆದಿಟ್ರು, ಎರಡೂ ಬೇಕಾಗಿತ್ತು.

ಸದ್ಯ, ಮಾರ್ಬೇಕಾಗಿಲ್ಲ ಅಂತ ಬೈಬಲ್ ಮುಚ್ಚಿಡ್ಬೇಡಿ, ದಯವಿಟ್ಟು 6ನೇ ಅಧ್ಯಾಯಕ್ಕೂ ಹೋಗಿ. ನನಗೆ 2ಕ್ಕಿಂತ ಅದೇ ಜಾಸ್ತಿ ಮುಖ್ಯ ಅನ್ಸುತ್ತೆ. ದಿನಾ ಊಟ ಹಂಚ್ತಿದ್ರಲ್ಲ, ಅದ್ರಲ್ಲಿ ಗ್ರೀಕ್ ಮಾತಾಡೋ ವಿಧವೆಯರನ್ನ ಬಿಟ್ಟುಬಿಡ್ತಿದಾರೆ ಅಂತ ಗುಣುಗುಟ್ಟೋಕೆ ಶುರುವಾಯ್ತು. ಯೋಚ್ನೆ ಮಾಡಿ, ಅಪೊಸ್ತಲರು ಖುದ್ದಾಗಿ ಇದ್ದ ಸಭೇಲೇ ಭಾಷೆ ಬೇರೆ ಇದ್ದೋರ ತಟ್ಟೆ ಖಾಲಿ! ದೂರು ಕೊಟ್ಟೋರನ್ನ ಯಾರೂ ಗದರಿಸಲಿಲ್ಲ, ಅಪೊಸ್ತಲರು ಎಲ್ಲರನ್ನೂ ಸೇರಿಸಿ, ಹಂಚೋಕೆ ನೀವೇ ಏಳು ಜನರನ್ನ ಆರಿಸಿ ಅಂದ್ರು. ಸ್ತೆಫನ, ಫಿಲಿಪ್ಪ, ತಿಮೋನ, ನಿಕೊಲಾಯ, ಹೀಗೆ ಏಳೂ ಜನರದು ಗ್ರೀಕ್ ಹೆಸರುಗಳೇ, ಅಂದ್ರೆ ಯಾರ ಕಡೆಯಿಂದ ದೂರು ಬಂತೋ ಆ ಕಡೆಯವರ ಕೈಗೇ ಹಂಚೋ ಕೆಲ್ಸ ಕೊಟ್ರು ಅಂತ ನಾನು ಓದ್ತೀನಿ.

ಬೆಂಗಳೂರಲ್ಲಿ ಒಂದೇ ಚರ್ಚಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಆರಾಧನೆ ಬೇರೆ ಬೇರೆ ಟೈಮಿಗೆ ನಡೆಯುತ್ತೆ, ಒಂದಕ್ಕೆ ಬರೋರಿಗೆ ಇನ್ನೊಂದಕ್ಕೆ ಬರೋರ ಪರಿಚಯ ಇರಲ್ಲ, ಹಾಗಿರೋವಾಗ ಯಾರ ಮನೇಲಿ ಒಲೆ ಹಚ್ಚಿಲ್ಲ ಅಂತ ಹೇಗೆ ಗೊತ್ತಾಗ್ಬೇಕು?

ಆದಿಸಭೆಯ ಆಮೇಲಿನ ಕಾಲದಲ್ಲೂ ಈ ಹಂಚೋ ಕೆಲ್ಸ ನಿಲ್ಲಲಿಲ್ಲ. ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಬರಹಗಾರ ಜಸ್ಟಿನ್ ಬರೀತಾನೆ, ಭಾನುವಾರ ಆರಾಧನೆ ಆದ್ಮೇಲೆ ಅನುಕೂಲ ಇರೋರು ತಮ್ಮ ಮನಸ್ಸಿಗೆ ಬಂದಷ್ಟು ಕೊಡ್ತಾರೆ, ಅದು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಜೈಲಲ್ಲಿರೋರಿಗೆ, ಪರಊರಿಂದ ಬಂದೋರಿಗೆ ಹೋಗುತ್ತೆ ಅಂತ. ಇನ್ನೂ ನೂರು ವರ್ಷ ಆಗೋಷ್ಟರಲ್ಲಿ, ಸುಮಾರು 251ರಲ್ಲಿ, ರೋಮಿನ ಬಿಷಪ್ ಕೊರ್ನೇಲಿಯಸ್ ತಮ್ಮ ಸಭೆ ಸಾಕ್ತಿರೋ ವಿಧವೆಯರು, ಕಷ್ಟದಲ್ಲಿರೋರು 1500ಕ್ಕೂ ಹೆಚ್ಚು ಅಂತ ಒಂದು ಪತ್ರದಲ್ಲಿ ಬರೆದಿದ್ದಾರೆ, ಆಗ ಸಭೆಗೆ ರಾಜರ ಬೆಂಬಲ ಇರೋದು ಹಾಗಿರ್ಲಿ, ಹಿಂಸೆ ನಡೀತಿದ್ದ ಕಾಲ ಅದು. ಲೆಕ್ಕ ಹೇಳೋಕೆ ಆಯ್ತು ಅಂದ್ರೆ ಯಾರ್ಯಾರು ಅಂತ ಗೊತ್ತಿತ್ತು ಅಂತ ತಾನೆ?

ಹಾಗಾಗಿ ಮನೆ ಮಾರೋ ಯೋಚ್ನೆ ಬಿಡಿ, ಈ ಭಾನುವಾರ ಪಾಸ್ಟರನ್ನೋ ಫಾದರನ್ನೋ ಹಿಡಿದು, ನಮ್ಮ ಸಭೇಲಿ ಒಂಟಿಯಾಗಿರೋ ವಿಧವೆಯರು ಎಷ್ಟು ಜನ, ಈ ತಿಂಗ್ಳು ಅವರ ಮನೆಗೆ ಯಾರು ಹೋಗಿದ್ರು ಅಂತ ಕೇಳಿ.